ಅಭ್ಯಾಸಕ್ಕೆ ಸಿಕ್ಕ ಹುಲ್ಲು

ಕನ್ನಡ ಮೇಷ್ಟರಿಗೆ ಗಾಲ್ಫ್ ಏಕೆ ಎಂದು ಓದುಗರು ಕೇಳಿಯಾರು. ನನ್ನ ಮನೆಯಾಕೆಯೂ ಇದನ್ನೇ ಕೇಳಿದಳು. ಆದರೆ ತಪ್ಪೆಲ್ಲ ಅವಳ ತಮ್ಮನದು. ನನ್ನ ಹೊಟ್ಟೆಯ ಸುತ್ತಳತೆಯನ್ನು ಕುರಿತು ಅಕ್ಕನೆದುರು ಕಳವಳ ತೋಡಿಕೊಂಡ ಆತ, ಒಂದು ಭಾನುವಾರ ಬೆಳಗ್ಗೆ ನನ್ನನ್ನು ಊರಹೊರಗಿನ ಗಾಲ್ಫ್ ಮೈದಾನವೊಂದಕ್ಕೆ ಕರೆದೊಯ್ದ. ಬೆಂಗಳೂರಿಗೆ ಈ ಆಟ ಹೊಸದೇನಲ್ಲ. 1876ರಷ್ಟು ಹಿಂದೆಯೇ ಇಲ್ಲಿ ಗಾಲ್ಫ್ ಕ್ಲಬ್ಬು ಹುಟ್ಟಿತು. ನನಗೆ ಮಾತ್ರ ಅದು ನಲವತ್ತು ದಾಟಿದ ಮೇಲೆ ಬಂದ ವಿದ್ಯೆ. ಆಟವಾಡುವ ಯೋಗ್ಯತೆ ಇನ್ನೂ ಬಂದಿಲ್ಲವಾಗಿ, ಡ್ರೈವಿಂಗ್ ರೇಂಜ್ ಎಂದು ಕರೆಯುವ ಅಭ್ಯಾಸದ ಬಯಲಿನಲ್ಲಿ, ಒಂದು ಬುಟ್ಟಿ ಚೆಂಡಿಗೆ ಇಷ್ಟೆಂದು ಹಣ ತೆತ್ತು, ಹಗ್ಗ ಕಟ್ಟಿದ ಗಡಿಯೊಳಗೆ ನಿಂತು ಚೆಂಡು ಹೊಡೆಯುತ್ತೇನೆ. ನಾನು ಹೇಳಬೇಕೆಂದಿರುವುದು ಅಲ್ಲಿನ ಹುಲ್ಲಿನ ವಿಚಾರ.

ಅನೇಕ ಕಡೆ ಅಭ್ಯಾಸಕ್ಕೆ ಕೃತಕ ಚಾಪೆ ಹಾಸಿರುತ್ತಾರೆ. ಚಾಪೆಗೆ ದಾಕ್ಷಿಣ್ಯ ಹೆಚ್ಚು. ಕೋಲು ಚೆಂಡಿಗಿಂತ ಒಂದಂಗುಲ ಹಿಂದೆ ನೆಲಕ್ಕೆ ತಾಗಿದರೂ ಜಾರಿಕೊಂಡು ಮುಂದೆ ಹೋಗುತ್ತದೆ. ಹೊಡೆದವನು ತಾನು ಸರಿಯಾಗಿಯೇ ಹೊಡೆದೆನೆಂದು ನಂಬುತ್ತಾನೆ. ಹುಲ್ಲುನೆಲ ಹಾಗೆ ಸುಳ್ಳು ಹೇಳುವುದಿಲ್ಲ. ಆದ್ದರಿಂದಲೇ ಶ್ರದ್ಧೆಯುಳ್ಳವರು ಹುಲ್ಲನ್ನೇ ಬಯಸುತ್ತಾರೆ. ಆದರೆ ಕಬ್ಬಿಣದ ತಲೆಯ ಕೋಲು ಮೊದಲು ಚೆಂಡಿಗೆ, ಅನಂತರ ನೆಲಕ್ಕೆ ತಾಗಬೇಕೆಂಬುದು ಆ ವಿದ್ಯೆಯ ಮರ್ಮ. ಹಾಗೆ ತಾಗಿದಾಗ ಅಂಗೈಯಗಲದ ಹುಲ್ಲು, ಬೇರು ಮಣ್ಣು ಸಹಿತ, ಚಕ್ಕೆಯಾಗಿ ಹಾರಿಹೋಗುತ್ತದೆ. ಇದಕ್ಕೆ ಡಿವಟ್ ಎನ್ನುತ್ತಾರೆ. ಸ್ಕಾಟ್ಲೆಂಡಿನ ಹಳೆಯ ಮಾತು. ಗುಡಿಸಲುಗಳ ಮೇಲೆ ಹೊದಿಸಲು ಅಗೆದು ತೆಗೆಯುತ್ತಿದ್ದ ಹುಲ್ಲುಹೆಂಟೆಗೆ ಅಲ್ಲಿ ಈ ಹೆಸರು. ಅಲ್ಲಿ ಸೂರಾದದ್ದು ಇಲ್ಲಿ ಗಾಯದ ಹೆಸರಾಯಿತು. ಒಳ್ಳೆಯ ಹೊಡೆತವೂ ಗಾಯ ಮಾಡಿಯೇ ಮಾಡುತ್ತದೆ ಎಂಬುದನ್ನು ಓದುಗರು ಗಮನಿಸಬೇಕು. ಗಾಯವಿಲ್ಲದೆ ಕಲಿಯುವ ದಾರಿ ಅಲ್ಲಿಲ್ಲ.

ನನಗೆ ಮೊದಮೊದಲು ಇದರಿಂದ ಸಂಕಟವಾಯಿತು. ಹಸಿರನ್ನು ಕಿತ್ತೆಸೆಯುವುದೆಂದರೆ ಏನೋ ಅಳುಕು. ಅದಕ್ಕಾಗಿ ನಾನೊಂದು ಉಪಾಯ ಹೂಡಿದೆ. ಒಂದೇ ಜಾಗಕ್ಕೆ ಎರಡು ಪೆಟ್ಟು ಬೀಳದಂತೆ ಪ್ರತಿಯೊಂದು ಚೆಂಡನ್ನೂ ಹೊಸ ಜಾಗದಲ್ಲಿಟ್ಟು ಹೊಡೆದೆ: ಇಲ್ಲೊಂದು, ಅಲ್ಲೊಂದು. ಹಾರಿದ ಚಕ್ಕೆಗಳನ್ನು ಆಯ್ದು ತಂದು ಗುಳಿಗಳಲ್ಲಿಟ್ಟು ಬೂಟುಗಾಲಿನಿಂದ ಒತ್ತಿದೆ. ಮಾಡಿದ ಪಾಪಕ್ಕೆ ಅಲ್ಲಲ್ಲೇ ಪ್ರಾಯಶ್ಚಿತ್ತ! ಬುಟ್ಟಿಯ ಐವತ್ತು ಚೆಂಡು ಮುಗಿಯುವ ಹೊತ್ತಿಗೆ ಬೆನ್ನು ನೋಯುತ್ತಿತ್ತು; ಮನಸ್ಸು ಮಾತ್ರ ಹಗುರಾಗಿತ್ತು.

ಮರಳಿನ ಡಬ್ಬಿ ಹಿಡಿದು ಬಂದ ಮಾಲಿ ನನ್ನ ಗಡಿಯನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನೆ ನಿಂತ. ಆಮೇಲೆ, "ಸಾ, ತಪ್ಪು ತಿಳ್ಕೋಬೇಡಿ. ಎಲ್ಲಾ ಕಡೆ ಕಿತ್ರೆ ನಾನೇನ್ ಮಾಡ್ಲಿ? ಸಾಲಾಗಿ ಕೀಳಿ. ಪಕ್ಕದಾಗೆ ಒಂದ್ ಪಟ್ಟೆ ಗರಿಕೆ ಬಿಡಿ, ಅದೇ ಹಬ್ಕಂತದೆ" ಎಂದ. ನಾನು ಅಷ್ಟು ಜತನದಿಂದ ಒತ್ತಿಟ್ಟಿದ್ದ ಚಕ್ಕೆಗಳನ್ನು ಕಾಲಿನಿಂದ ಒಂದು ಕಡೆಗೆ ಸರಿಸಿ, ಗುಳಿಗಳಿಗೆ ಮರಳು ಸುರಿದ.

ಗರಿಕೆ ಎಂಬ ಮಾತು ಕೇಳಿ ನನಗೆ ಅಚ್ಚರಿಯಾಯಿತು. ವಿಚಾರಿಸಿ ನೋಡಿದರೆ ನಿಜವೇ. ಬಿಸಿಲುನಾಡಿನ ಗಾಲ್ಫ್ ಮೈದಾನಗಳಲ್ಲಿ ಬರ್ಮುಡಾ ಹುಲ್ಲು ಎಂದು ಬೆಳೆಸುವುದು ನಮ್ಮ ಗರಿಕೆಯನ್ನೇ, ಇಲ್ಲವೆ ಅದನ್ನು ಆಫ್ರಿಕದ ದಾಯಾದಿ ಹುಲ್ಲೊಂದರೊಡನೆ ಕೂಡಿಸಿ ಪಡೆದ ತಳಿಗಳನ್ನು. ಗಣಪತಿಗೆ ಏರಿಸುವ ಗರಿಕೆಯನ್ನು ನಾನು ವಾರವಾರವೂ ಕೋಲಿನಿಂದ ಕೆತ್ತುತ್ತಿದ್ದೆ! ಗರಿಕೆಯ ಸ್ವಭಾವ ನಮಗೆಲ್ಲ ತಿಳಿದದ್ದೇ. ನೆಲದ ಮೇಲೆ ಕುಡಿ ಚಾಚುತ್ತದೆ, ನೆಲದೊಳಗೆ ಬೇರುಗಾಂಡ ಓಡಿಸುತ್ತದೆ. ಗೆಣ್ಣು ಗೆಣ್ಣಿಗೂ ಚಿಗುರುತ್ತದೆ. ಗುಳಿಯ ಅಂಚಿನಲ್ಲಿ ಜೀವಂತ ಹುಲ್ಲು ಉಳಿದಿದ್ದರೆ ಬಿಸಿಲುಕಾಲದಲ್ಲಿ ಕೆಲವೇ ವಾರಗಳಲ್ಲಿ ಗಾಯ ಮುಚ್ಚುತ್ತದೆ. ಬೇರು ಹರಿದ ಚಕ್ಕೆಯನ್ನು ತಂದಿಟ್ಟರೆ ಸಾಮಾನ್ಯವಾಗಿ ಅದು ಒಣಗಿಹೋಗುತ್ತದೆ. ತಂಪುನಾಡಿನ ಹುಲ್ಲುಗಳಿಗೆ ಸಲ್ಲುವ ಉಪಚಾರ ಇದಕ್ಕೆ ಸಲ್ಲದು.

ಚೆದುರಿ ಹೊಡೆದರೆ ಪ್ರತಿಯೊಂದು ಗಾಯದ ಸುತ್ತಲೂ ಯಾರೂ ನಿಂತು ಹೊಡೆಯಲಾಗದಷ್ಟು ನೆಲ ವ್ಯರ್ಥವಾಗುತ್ತದೆ. ಒಂದೆಡೆಯೇ ಹೊಡೆಹೊಡೆದು ದೊಡ್ಡ ಬೋಳು ಮಾಡಿದರೆ ಅದರ ನಡುವಿಗೆ ಕುಡಿ ತಲುಪುವುದು ಎಂದೋ. ಹಿಂದಿನ ಗುಳಿಯ ಬೆನ್ನಿಗೇ ಚೆಂಡಿಟ್ಟು, ಕೋಲಿನ ಅಗಲದ ಒಂದು ಪಟ್ಟೆಯಾಗಿ ಹಿಂದಕ್ಕೆ ಸರಿಯುತ್ತ ಹೋಗಿ, ಎರಡು ಪಟ್ಟೆಗಳ ನಡುವೆ ಹುಲ್ಲಿನ ಒಂದು ಅಂಚು ಉಳಿಸಿದರೆ ನಷ್ಟ ಎಲ್ಲಕ್ಕಿಂತ ಕಡಮೆ. ನೋಡುವವರಿಗೆ ಇದು ನಿರ್ದಯವಾಗಿ ಕಾಣುತ್ತದೆ. ಗಾಯವಾದ ಕಡೆಯೇ ಮತ್ತೊಂದು ಗಾಯ! ನನ್ನ ಕರುಣೆ ಕಣ್ಣಿಗೆ ಚೆನ್ನಾಗಿತ್ತು; ಗರಿಕೆ ಹೇಗೆ ಬದುಕುತ್ತದೆಂದು ಅದಕ್ಕೆ ತಿಳಿದಿರಲಿಲ್ಲ.

ಭಾವಮೈದನಿಗೆ ಈ ಮಾತು ಹೇಳಿದಾಗ ಆತ ನಕ್ಕುಬಿಟ್ಟ. "ಹಣ ಕಟ್ಟಿದ್ದೇವಲ್ಲ ಭಾವ, ಹುಲ್ಲು ಬೆಳೆಸೋದು ಅವರ ಕೆಲಸ." ಈ ವಾದವನ್ನು ಹಾಗೆಯೇ ತಳ್ಳಿಹಾಕುವಂತಿಲ್ಲ. ಆಟದ ನಿಯಮಗಳು ಕೂಡ ಇಲ್ಲಿ ಬಹಳ ಮೆತ್ತಗೆ ಮಾತಾಡುತ್ತವೆ. 2019ರಲ್ಲಿ ಪರಿಷ್ಕೃತವಾದ ನಿಯಮಾವಳಿಯ ಮೊದಲ ನಿಯಮದಲ್ಲೇ ಮೈದಾನವನ್ನು ಜೋಪಾನ ಮಾಡಬೇಕು, ಕಿತ್ತ ಚಕ್ಕೆಯನ್ನು ಮರಳಿ ಇಡಬೇಕು ಎಂಬ ಮಾತಿದೆ. ಆದರೆ ತೀರ ಗಂಭೀರ ದುರ್ವರ್ತನೆಯ ಹೊರತು ನಿಯಮಾವಳಿ ತಾನಾಗಿ ದಂಡ ವಿಧಿಸುವುದಿಲ್ಲ. ಅದೇ ನಿಯಮಾವಳಿಯ ಪ್ರಕಾರ, ಫೇರ್‌ವೇಯಲ್ಲಿ ನನ್ನ ಚೆಂಡು ಹೋಗಿ ಇನ್ನೊಬ್ಬ ಮಾಡಿದ ಗುಳಿಯಲ್ಲಿ ಕುಳಿತರೆ ನಾನು ಅಲ್ಲಿಂದಲೇ ಹೊಡೆಯಬೇಕು, ರಿಯಾಯಿತಿ ಇಲ್ಲ. ಮಾಡಿದವನಿಗೆ ದಂಡವಿಲ್ಲ, ಬಂದವನಿಗೆ ಗುಳಿ ತಪ್ಪಿದ್ದಲ್ಲ. ಲೋಕದ ರೀತಿಯೂ ಹೆಚ್ಚುಕಡಮೆ ಇದೇ ಅಲ್ಲವೆ? ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್‌ನಲ್ಲಿ ಹುಲ್ಲು ಬೆಳೆಯದ ನವೆಂಬರಿನಿಂದ ಮಾರ್ಚಿಯವರೆಗೆ, ಫೇರ್‌ವೇಯಲ್ಲಿ ಹೊಡೆಯುವಾಗ ಸಣ್ಣ ಚಾಪೆಯೊಂದರ ಮೇಲೆ ಚೆಂಡಿಟ್ಟು ಹೊಡೆಯಬೇಕೆಂಬ ಕಟ್ಟಳೆಯಿದೆ. ಅಭ್ಯಾಸದ ಬಯಲಿನಲ್ಲಿ ಅಂಥ ಕಟ್ಟಳೆಯೂ ಇಲ್ಲ. ಹಗ್ಗ ಸರಿಸಿ ಸರಿಸಿ ನೆಲಕ್ಕೆ ಬಿಡುವು ಕೊಡುತ್ತಾರೆ. ನನ್ನ ಗಾಯಗಳನ್ನು ನಾನೇ ಮತ್ತೆ ನೋಡುವ ಪ್ರಮೇಯವಿಲ್ಲ. ಇಷ್ಟಾಗಿಯೂ, ನಾನು ಕೊಟ್ಟ ಹಣಕ್ಕೆ ದಕ್ಕಿದ್ದು ಐವತ್ತು ಹೊಡೆತಗಳು ಮಾತ್ರವೆಂದೂ, ಅವಕ್ಕೆ ಅಗತ್ಯವಿಲ್ಲದ ಒಂದು ಎಸಳು ಹುಲ್ಲು ಹಾಳಾದರೂ ಅದು ನನ್ನ ಬುಟ್ಟಿಯ ಲೆಕ್ಕಕ್ಕೆ ಸೇರಿದ್ದಲ್ಲವೆಂದೂ ನನ್ನ ಅಭಿಪ್ರಾಯ. (2024ರ ಬೇಸಗೆಯಲ್ಲಿ ಬೆಂಗಳೂರು ನೀರಿಗೆ ಪರದಾಡಿದ್ದನ್ನು ಕಂಡವರು ಈ ಹುಲ್ಲೇ ಏಕೆ ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ; ನನ್ನಲ್ಲಿ ಒಳ್ಳೆಯ ಉತ್ತರವಿಲ್ಲ.)

ಹುಲ್ಲಿನ ಮೇಲೆ ಇಷ್ಟು ಚಿಂತೆ ಏಕೆಂದರೆ, ನಾನು ಬೇರೆ ಕಡೆಯೂ ಅಭ್ಯಾಸ ಮಾಡಿದವನು. ಅಧ್ಯಾಪಕನಾದ ಮೊದಲ ವರ್ಷ ಐಚ್ಛಿಕ ಕನ್ನಡದ ತರಗತಿಗೆ ಛಂದಸ್ಸು ಪಾಠ ಮಾಡುತ್ತಿದ್ದೆ. ಹಳ್ಳಿಯಿಂದ ಬಂದ ಹುಡುಗನೊಬ್ಬ ಪ್ರಸ್ತಾರ ಹಾಕುವಾಗ ಲಘು ಗುರುಗಳನ್ನು ತಪ್ಪುತ್ತಿದ್ದ. ಅವನ ತಪ್ಪು ನನಗೆ ಬಲು ಉಪಯುಕ್ತವಾಗಿತ್ತು. ದಿನವೂ ಅವನನ್ನೇ ಕಪ್ಪು ಹಲಗೆಗೆ ಕರೆಯುತ್ತಿದ್ದೆ. ಅವನು ತಪ್ಪುತ್ತಿದ್ದ, ತರಗತಿ ನಗುತ್ತಿತ್ತು, ಆ ನಗುವಿನ ಅಲೆಯ ಮೇಲೆ ನಾನು ನಿಯಮವನ್ನು ವಿವರಿಸುತ್ತಿದ್ದೆ. ಆ ಭಾಗವನ್ನು ಇಂದಿಗೂ ನಾನು ಚೆನ್ನಾಗಿ ಪಾಠ ಮಾಡುತ್ತೇನೆಂದು ಹೇಳುತ್ತಾರೆ. ದಸರಾ ರಜೆ ಕಳೆದು ಬಂದಾಗ ಹುಡುಗ ಐಚ್ಛಿಕ ಕನ್ನಡ ಬಿಟ್ಟು ಬೇರೆ ವಿಷಯಕ್ಕೆ ಹೋಗಿದ್ದ. ವೈದ್ಯನೂ ವಕೀಲನೂ ಮೇಷ್ಟರೂ ಕಲಿಯುವುದು ಜೀವವುಳ್ಳವರ ಮೇಲೆಯೇ ಎಂದು ನನ್ನನ್ನು ನಾನು ಸಮಾಧಾನಪಡಿಸಿಕೊಂಡದ್ದುಂಟು. ಮಾತೇನೋ ನಿಜ. ಆದರೆ ಹುಡುಗ ಹುಲ್ಲಲ್ಲ, ಹೋಲಿಕೆಯನ್ನು ಎಳೆದರೆ ಹರಿದೀತು. ಸಂಜೆ ಮರಳಿನ ಡಬ್ಬಿ ಹಿಡಿದು ಅವನ ಬಳಿಗೆ ಯಾರೂ ಹೋಗಲಿಲ್ಲ, ನಾನಂತೂ ಹೋಗಲಿಲ್ಲ.

ಕಳೆದ ಭಾನುವಾರ ನನ್ನ ಪಕ್ಕದ ಗಡಿಯಲ್ಲಿ ತರುಣನೊಬ್ಬ ಇಲ್ಲೊಂದು ಅಲ್ಲೊಂದು ಚಕ್ಕೆ ಹಾರಿಸುತ್ತಿದ್ದ. ಹಿಂದೆ ನಾನು ಮಾಡಿದಂತೆಯೇ. ಮಾಲಿ ದೂರದಲ್ಲಿ ಬೇರೆ ಯಾವುದೋ ಕೆಲಸದಲ್ಲಿದ್ದ. ಹೇಳಲೋ ಬೇಡವೋ ಎಂದು ಏಳೆಂಟು ಚೆಂಡುಗಳಷ್ಟು ಕಾಲ ಹಿಂದುಮುಂದು ನೋಡಿ, ಕೊನೆಗೆ "ತಮ್ಮಾ, ಸಾಲಾಗಿ ಹೊಡೆದರೆ ಹುಲ್ಲು ಬೇಗ ಬರುತ್ತಂತೆ" ಎಂದೆ. ಆತ ಕಿವಿಯೊಳಗಿನ ಹಾಡಿನ ಗುಂಡಿ ತೆಗೆದು, "ಏನ್ ಸಾರ್?" ಎಂದ. ಮತ್ತೊಮ್ಮೆ ಹೇಳಿದೆ. ಆತ ಮರ್ಯಾದೆಯಿಂದಲೇ ತಲೆಯಾಡಿಸಿ, ನನ್ನ ಕಾಲ ಬಳಿಯಿದ್ದ ಪಟ್ಟೆಯನ್ನು ನೋಡಿದ. ಅದು ಹಾವು ಹರಿದಂತೆ ಸೊಟ್ಟಗೆ ಹೋಗಿತ್ತು.