ಮರಿಯನ್ನು ಬಿಟ್ಟುಹೋದ ಹಕ್ಕಿಯ ತಪ್ಪೇನು?

ತಾಯ್ತನದ ಮಾತು ಬಂದಾಗಲೆಲ್ಲ ನಾವು ಹಕ್ಕಿಗಳನ್ನು ಉದಾಹರಿಸುತ್ತೇವೆ. ತಾನು ಹಸಿದಿದ್ದರೂ ಮರಿಗೆ ಗುಟುಕು ಕೊಡುವ ಹಕ್ಕಿಯನ್ನು ತೋರಿಸಿ ಹೆತ್ತವರಿಗೆ ಬುದ್ಧಿ ಹೇಳುತ್ತೇವೆ. ಆದರೆ ಅದೇ ಹಕ್ಕಿ ಮರಿಯನ್ನು ಗೂಡಿನಲ್ಲೇ ಬಿಟ್ಟು ಹಾರಿಹೋದರೆ? ಅದನ್ನು ಕ್ರೂರಿ ಎನ್ನೋಣವೇ?

ನಾರ್ವೆಗೆ ಸೇರಿದ, ಉತ್ತರ ಧ್ರುವಕ್ಕೆ ಸಮೀಪದ ಸ್ವಾಲ್ಬಾರ್ಡ್ ದ್ವೀಪಗಳ ಕಡಿದಾದ ಬಂಡೆಗಳಲ್ಲಿ ಕಿಟ್ಟಿವೇಕ್ ಎಂಬ ಕಡಲಹಕ್ಕಿ ಗೂಡು ಕಟ್ಟುತ್ತದೆ. ಚಳಿಗಾಲವನ್ನು ದಡದಿಂದ ಬಹುದೂರ, ಅಟ್ಲಾಂಟಿಕ್ ಸಾಗರದಲ್ಲಿ ಕಳೆದು ವಸಂತದಲ್ಲಿ ಮರಳುತ್ತದೆ. ಗಂಡು ಹೆಣ್ಣು ಸರದಿಯಂತೆ ಕಾವು ಕೊಡುತ್ತವೆ. ಒಂದು ಮೀನಿಗೆ ಹೋದರೆ ಇನ್ನೊಂದು ಮರಿಯ ಬಳಿ ಕಾವಲಿರುತ್ತದೆ. ಮೀನು ಸಿಗದಾದಾಗ ರಕ್ತದಲ್ಲಿ ಕಾರ್ಟಿಕೋಸ್ಟಿರೋನ್ ಎಂಬ ಒತ್ತಡದ ಹಾರ್ಮೋನು ಏರುತ್ತದೆ. ಸಂಶೋಧಕರು ಕೆಲವು ಹಕ್ಕಿಗಳ ಚರ್ಮದಡಿ ಇದೇ ಹಾರ್ಮೋನನ್ನು ಇರಿಸಿ ನೋಡಿದರು. (ಹಾಗೆ ಮಾಡಬಹುದೇ ಎಂಬುದೂ ಕೇಳಬೇಕಾದ ಪ್ರಶ್ನೆಯೇ.) ಮರಿಯ ಆರೈಕೆಗೆ ಪ್ರೇರೇಪಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ಇಳಿಯಿತು, ಹಕ್ಕಿಗಳು ಗೂಡಿನಿಂದ ಹೆಚ್ಚು ಹೊತ್ತು ದೂರ ಉಳಿದವು. ಕಾವಲಿಲ್ಲದ ಮರಿ ದೊಡ್ಡ ಗಲ್ ಹಕ್ಕಿಗಳ ಬಾಯಿಗೆ ಸುಲಭದ ತುತ್ತು.

ಆ ಒತ್ತಡ ಬೇಸಿಗೆಗೇ ಮುಗಿಯುವುದಿಲ್ಲ. 2014ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಮರಿ ಸಾಕುವಾಗ ಒತ್ತಡಕ್ಕೊಳಗಾದ ಕಿಟ್ಟಿವೇಕ್‌ಗಳಲ್ಲಿ ವರ್ಣತಂತುಗಳ ತುದಿಯ ಟೆಲೊಮಿಯರ್ ಬೇಗ ಸವೆಯಿತು; ಚಳಿಗಾಲದ ನೆಲೆಯಲ್ಲಿ ಹೆಚ್ಚು ಕಾಲ ತಂಗಿದವುಗಳಲ್ಲಿ ಸವೆತ ಕಡಿಮೆ. ಇಪ್ಪತ್ತು ವರ್ಷ ಬದುಕಬಲ್ಲ ಹಕ್ಕಿ ಒಂದೇ ಬೇಸಿಗೆಗೆ ಪ್ರಾಣ ಕೊಟ್ಟರೆ ಆ ಮರಿಯೂ ಉಳಿಯುವುದಿಲ್ಲ, ಮುಂದಿನವು ಹುಟ್ಟುವುದೂ ಇಲ್ಲ.

ಹಾಗೆಂದು ಹಕ್ಕಿ ಲೆಕ್ಕ ಹಾಕಿ ಹೊರಟಿತೆಂದಲ್ಲ. ಧರ್ಮ ವಿಚಾರಣೆಗೆ ಗುರಿಪಡಿಸುವುದು ಬುದ್ಧಿ ಮತ್ತು ಆಯ್ಕೆ ಇರುವವನನ್ನು. ಆದ್ದರಿಂದ ಕೇಳಬೇಕಾದುದು, ಮೀನು ಎಲ್ಲಿ ಹೋಯಿತು ಎಂದು. 2014ರಿಂದ 2016ರವರೆಗೆ ಈಶಾನ್ಯ ಪೆಸಿಫಿಕ್ ಸಾಗರ ವಿಪರೀತ ಬಿಸಿಯಾಗಿ ಮೀನು ಕಡಿಮೆಯಾದಾಗ, ಕಾಮನ್ ಮರ್ ಎಂಬ ಇನ್ನೊಂದು ಕಡಲಹಕ್ಕಿಯ ಸುಮಾರು 62 ಸಾವಿರ ಕಳೇಬರಗಳು ದಡಕ್ಕೆ ಬಂದು ಬಿದ್ದವು. ಅಲಾಸ್ಕದ ಹಲವು ನೆಲೆಗಳಲ್ಲಿ ಒಂದು ಮರಿಯೂ ಬೆಳೆಯಲಿಲ್ಲ. ಸಮುದ್ರ ಹೀಗೆ ಪದೇಪದೇ ಕಾಯಲು ಕಾರಣವಾದ ಭೂಮಿಯ ತಾಪದಲ್ಲಿ ನಮ್ಮ ವಾಹನಗಳ ಹೊಗೆಯ ಪಾಲೂ ಇದೆ.

ಪ್ರಯಾಣವೊಂದರಲ್ಲಿ ಪ್ರವಾದಿ(ಸ)ಯವರ ಸಂಗಾತಿಗಳು ಹಕ್ಕಿಯೊಂದರ ಎರಡು ಮರಿಗಳನ್ನು ಎತ್ತಿಕೊಂಡರು. ತಾಯಿ ಹಕ್ಕಿ ರೆಕ್ಕೆ ಬಡಿಯುತ್ತ ಬಂತು. ಪ್ರವಾದಿ(ಸ)ಯವರು ಅದನ್ನು ನೋಯಿಸಿದವರಾರೆಂದು ವಿಚಾರಿಸಿ, ಮರಿಗಳನ್ನು ಹಿಂದಿರುಗಿಸಲು ಆದೇಶಿಸಿದರೆಂದು ಅಬೂದಾವೂದ್‌ನಲ್ಲಿ ವರದಿಯಾಗಿದೆ. ಅಲ್ಲಿ ವಿಚಾರಣೆಗೊಳಗಾದದ್ದು ಹಕ್ಕಿಯಲ್ಲ. ಎತ್ತಿಕೊಂಡ ಕೈಗಳು ಕಣ್ಣೆದುರಿಗಿದ್ದವು, ಮರಿಗಳೂ ಜೀವಂತವಾಗಿದ್ದವು. ಸ್ವಾಲ್ಬಾರ್ಡ್‌ನ ಹಕ್ಕಿಗೆ ಹಿಂದಿರುಗಿಸಬೇಕಾದುದು ತಣ್ಣನೆಯ ಸಮುದ್ರ. ಅದನ್ನು ಕಸಿದ ಕೈಗಳು ಕೋಟಿಗಟ್ಟಲೆ, ಅವುಗಳಲ್ಲಿ ಯಾವುದಕ್ಕೂ ತಾನು ಕಸಿದೆನೆಂದು ಅನ್ನಿಸಿಯೇ ಇಲ್ಲ.