ಪದ್ಯ ಬಾಯಿಪಾಠ, ಉತ್ತರ ಬಾಯಿಪಾಠ

ಬರೀ ಪರೀಕ್ಷೆಗಾಗಿ ಒಂದು ಹಳೇ ಭಾಷೆ ಕಲಿತರ, ಅದು ಆ ಭಾಷೆಗೆ ಮಾಡಿದ ಮೋಸ ಆಗ್ತದೇನು? ನಮ್ಮ ನಾಂದಣಿಯಂಥ ಊರಾಗ ಈ ಪ್ರಶ್ನೆ ಹುಟ್ಟೋದು ಸಹಜ. ಇಲ್ಲಿ ಮನೆಯಾಗ ಕನ್ನಡ, ಶಾಲೆಯಾಗ ಮರಾಠಿ, ಬಸದಿಯಾಗ ಹೇಳೋ ಣಮೋಕಾರ ಮಂತ್ರ ಪ್ರಾಕೃತ. ಮಹಾರಾಷ್ಟ್ರದ ಹನ್ನೆರಡನೇ ಇಯತ್ತೆಯ ಬೋರ್ಡ್ ಪರೀಕ್ಷೆಗೆ ಸಂಸ್ಕೃತ ಇದ್ದಂಗ ಅರ್ಧಮಾಗಧಿಯೂ ಒಂದು ವಿಷಯ. ಅದು ಪ್ರಾಕೃತದ ಒಂದು ಬಗೆ. ನನ್ನ ಮೊಮ್ಮಗಳು ಈ ವರ್ಷ ಅದನ್ನ ತಗೊಂಡಾಳ. ಯಾಕ ತಗೊಂಡಿ ಅಂತ ಕೇಳಿದರ, "ಮಾರ್ಕ್ಸ್ ಭಾಳ ಬೀಳ್ತಾವ ಅಜ್ಜಾ" ಅಂದಳು. ಭಕ್ತಿಯ ಸೋಗು ಹಾಕದೆ ಇದ್ದದ್ದು ಇದ್ದಂಗ ಹೇಳಿದಳು. ಅದು ನನಗ ಸೇರಿತು.

ಕೆಲವರು ಇದನ್ನ ಕೇಳಿ ಮೂಗು ಮುರೀತಾರ. ಧರ್ಮದ ಭಾಷೆಯನ್ನ ಮಾರ್ಕ್ಸಿಗೆ ಮಾರಿಕೊಂಡಂಗಾತು ಅಂತಾರ. ನನಗ ಹಂಗ ಅನಸೂದಿಲ್ಲ. ಯಾವ ಬಾಗಿಲಿನಿಂದ ಒಳಗ ಬಂದರು ಅನ್ನೋದು ದೊಡ್ಡ ಮಾತಲ್ಲ. ಪ್ರಸಾದದ ಆಸೆಗೆ ಭಜನೆಗೆ ಬಂದು ಕೂತ ಹುಡುಗರೇ ಮುಂದ ತಾಳ ಹಿಡಿದು ಹಾಡಿದ್ದನ್ನ ನಾನು ನೋಡೀನಿ. ರೈತನ ಮನೆಯ ಹುಡುಗಿಗೆ ಮಾರ್ಕ್ಸ್ ಅಂದರ ಕಾಲೇಜಿನ ಸೀಟು, ಹಾಸ್ಟೆಲು, ಮುಂದಿನ ಬಾಳು. ಅದನ್ನ ಆಸೆ ಅಂತ ಹಂಗಿಸಬಾರದು.

ಇನ್ನು ಕೆಲವರು ಬಾಯಿಪಾಠವನ್ನೇ ಬೈತಾರ. ಅರ್ಥ ತಿಳಿಯದೆ ಗಿಳಿ ಹಂಗ ಒದರಿದರ ಏನು ಬಂತು ಅಂತಾರ. ಇದಕ್ಕೂ ನಾನು ಒಪ್ಪೂದಿಲ್ಲ. ನಾನು ಓದಿದ್ದು ಏಳನೇತ್ತೆ. ನನ್ನ ಹಾಡೆಲ್ಲ ಕಾಗದದಿಂದ ಬಂದಿಲ್ಲ, ಕಿವಿಯಿಂದ ಬಂದಾವ. ದೇಹ ಬಿಟ್ಟು ಹೋಗೋ ಜೀವದ ಮ್ಯಾಲಿನ ಒಂದು ಪದ ಹತ್ತು ವರ್ಷದಾಗ ಬಾಯಿಗೆ ಬಂತು. ಅದರ ಅರ್ಥ ಎದಿಗೆ ಇಳಿದದ್ದು ನಮ್ಮಪ್ಪ ತೀರಿಕೊಂಡ ಮ್ಯಾಲೆ. ನಡುವಿನ ಇಪ್ಪತ್ತು ವರ್ಷ ಆ ಪದ ನನ್ನೊಳಗ ಸುಮ್ಮನ ಕಾಯ್ಕೊಂಡು ಕೂತಿತ್ತು. ಬಾಯಿಪಾಠ ಅಂದರ ಬೀಜ ಕಾಪಿಟ್ಟಂಗ. ಹದ ಬಂದಾಗ ಮೊಳಿತದ.

ಮೂಡುಬಿದಿರೆಯ ಬಸದಿಯ ಮಾತು ಇದಕ್ಕ ದೊಡ್ಡ ಸಾಕ್ಷಿ. ಷಟ್ಖಂಡಾಗಮ ಅನ್ನೋ ಪ್ರಾಕೃತ ಗ್ರಂಥ, ಅದರ ಮ್ಯಾಲೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆ, ಹಳಗನ್ನಡ ಲಿಪಿಯ ತಾಳೆಗರಿಯಲ್ಲಿ ಅಲ್ಲಿ ಉಳಿದಿದ್ದವು. ಶತಮಾನಗಟ್ಟಲೆ ಜನ ಬಂದು ದರ್ಶನ ತಗೊಂಡು ಕೈ ಮುಗಿದು ಹೋಗ್ತಿದ್ದರು. ಓದೋರು ಅಪರೂಪ. ಕಡೆಗೆ ಪ್ರತಿ ಮಾಡಿ ಹೊರಗ ತಂದರು. 1939ರಲ್ಲಿ ಹೀರಾಲಾಲ ಜೈನರು ಅಮರಾವತಿಯಿಂದ ಮೊದಲ ಸಂಪುಟ ಅಚ್ಚು ಹಾಕಿಸಿದರು. ನಮಗ ತಿಳಿಯೂದಿಲ್ಲ, ಯಾಕ ಇಟ್ಟುಕೊಳ್ಳೋದು ಅಂತ ಕಾಯ್ದವರು ಕೈ ಬಿಟ್ಟಿದ್ದರ ಅಚ್ಚು ಹಾಕಲಿಕ್ಕೆ ಏನೂ ಇರತಿರಲಿಲ್ಲ. ಹಂಗಂತ ಬರೀ ಕೈ ಮುಗಿದೇ ಇದ್ದಿದ್ದರ ಅವು ಇವತ್ತಿಗೂ ಪೆಟ್ಟಿಗೆಯಾಗ ಇರತಿದ್ದವು. ಕಾಯೋದೂ ಒಂದು ಋಣ, ಬಿಚ್ಚಿ ನೋಡೋದೂ ಒಂದು ಋಣ.

ಹಂಗಾದರ ತಪ್ಪು ಎಲ್ಲಿ ಅದ? ಮೊಮ್ಮಗಳ ಪುಸ್ತಕ ನೋಡಿದ ಮ್ಯಾಲೆ ನನಗ ತಿಳಿದದ್ದು ಇಷ್ಟು. ಪಠ್ಯಪುಸ್ತಕ ಹೊಸದಾಗೇ ಅದ, ಗೈಡಿನ ಹಾಳಿ ಹರಿದಾವ. ಗಾಥೆ ಅವಳ ಬಾಯಾಗ ಇಲ್ಲ. ಗಾಥೆಯ ಮರಾಠಿ ಅನುವಾದ ಮಾತ್ರ ಅದ. "ನಿಮ್ಮ ಶಬ್ದಗಳಲ್ಲಿ ಬರೆಯಿರಿ" ಅಂತ ಪ್ರಶ್ನೆ ಇದ್ದರ, ಆ ನಿಮ್ಮ ಶಬ್ದಗಳೂ ಗೈಡಿನಾಗ ಅಚ್ಚಾಗ್ಯಾವ!

ಪದ್ಯ ಬಾಯಿಪಾಠ ಮಾಡೋದು ಬೇರೆ, ಉತ್ತರ ಬಾಯಿಪಾಠ ಮಾಡೋದು ಬೇರೆ. ಪದ್ಯ ಒಳಗ ಇದ್ದರ ಒಂದು ದಿನ ನಿಮ್ಮ ಜೊತಿ ಮಾತಾಡ್ತದ. ಉತ್ತರ ಹಂಗಲ್ಲ. ಅದು ಮತ್ತೊಬ್ಬರು ತಿಳಕೊಂಡು ಮುಗಿಸಿದ್ದು. ಪೇಪರ್ ಕೊಟ್ಟು ಹೊರಗ ಬಂದ ಕೂಡಲೆ ಅದರ ಕೆಲಸ ಮುಗೀತು, ಎಲಿ ಮುಗಿದ ಬೀಡಿ ಹಂಗ.

ಮೊಮ್ಮಗಳು ನನ್ನ ಜೊತಿ ವಾದಕ್ಕ ನಿಂತಳು. "ಗೈಡ್ ರೊಕ್ಕ ಕೊಟ್ಟು ತಂದದ್ದು, ಕದ್ದದ್ದಲ್ಲ" ಅಂದಳು. ಮಾತು ಖರೆ. ಅಸ್ತೇಯ ವ್ರತ ಮುರಿದಂಗ ಆಗಲಿಲ್ಲ. ಆದರ ಅಣುವ್ರತ ಐದರೊಳಗ ಸತ್ಯವೂ ಒಂದದ. ಇನ್ನೊಬ್ಬರ ತಿಳಿವಳಿಕೆ ಕೆಳಗ ನನ್ನ ನಂಬರ್ ಬರೆದು ಕೊಟ್ಟರ, ನಾನು ತಿಳಕೊಂಡೀನಿ ಅಂತ ಹೇಳಿದಂಗೇ ಆತು. ಸತ್ಯದ ಮ್ಯಾಲಿನ ಗಾಥೆಗೇ ಹಂಗ ಉತ್ತರ ಬರೆದರ ಏನನ್ನಬೇಕು?

ಇದರಾಗ ಇನ್ನೊಂದು ದುಃಖ ಅದ. ಅರ್ಧಮಾಗಧಿ ಪಂಡಿತರಿಗಾಗಿ ಹುಟ್ಟಿದ ಭಾಷೆ ಅಲ್ಲ. ಹೆಣ್ಣುಮಕ್ಕಳು, ಒಕ್ಕಲಿಗರು, ಎಲ್ಲರಿಗೂ ತಿಳೀಲಿ ಅಂತ ಮಹಾವೀರರು ಸಂಸ್ಕೃತ ಬಿಟ್ಟು ಜನರ ಮಾತಿನಾಗ ಉಪದೇಶ ಮಾಡಿದರು ಅಂತ ಪರಂಪರೆ ಹೇಳ್ತದ. ಎಲ್ಲರಿಗೂ ತಿಳಿಯೋ ಭಾಷೆ ಇವತ್ತು ಗೈಡ್ ಇಲ್ಲದೆ ಯಾರಿಗೂ ತಿಳಿಯದಂಗಾತು.

ಆದರ ಅದು ನಾವು ತಿಳಕೊಂಡಷ್ಟು ದೂರ ಇಲ್ಲ. ಸಂಸ್ಕೃತದ ಸಂಧ್ಯಾ ಪ್ರಾಕೃತದಾಗ ಸಂಝಾ, ನಮ್ಮ ಬಾಯಾಗ ಸಂಜೆ. ಪರ್ವ ಅಲ್ಲಿ ಪವ್ವ, ನಮ್ಮಲ್ಲಿ ಹಬ್ಬ. ಆಶ್ಚರ್ಯ ನಮಗ ಅಚ್ಚರಿ. ಶರ್ಕರಾ ಅಲ್ಲಿ ಸಕ್ಕರಾ, ಕಬ್ಬು ಬೆಳೆಯೋ ನಮಗ ಸಕ್ಕರೆ. ಇಂಥ ಶಬ್ದ ಹೆಂಗ ರೂಪ ಬದಲಿಸ್ತಾವ ಅಂತ ಕೇಶಿರಾಜ ಶಬ್ದಮಣಿದರ್ಪಣದಾಗ ಅಪಭ್ರಂಶ ಪ್ರಕರಣ ಅಂತ ಒಂದು ಭಾಗವನ್ನೇ ಇಟ್ಟಾನ. ಕನ್ನಡ ಮನೆಯ ಕೂಸಿಗೆ ಅರ್ಧ ದಾರಿ ಹುಟ್ಟಿನಿಂದಲೇ ಗೊತ್ತದ.

ಈ ದಾರಿಯನ್ನ ನಮ್ಮ ಸೀಮೆಯವರೇ ಪೂರ್ತಿ ನಡೆದು ತೋರಿಸ್ಯಾರ. ಚಿಕ್ಕೋಡಿ ತಾಲೂಕಿನ ಸದಲಗಾದಾಗ 1906ರಲ್ಲಿ ಹುಟ್ಟಿದ ಆ. ನೇ. ಉಪಾಧ್ಯೆಯವರು ಕೊಲ್ಹಾಪುರದ ರಾಜಾರಾಮ ಕಾಲೇಜಿನಾಗ ಮೂವತ್ತು ವರ್ಷ ಅರ್ಧಮಾಗಧಿ ಕಲಿಸಿದರು. 1935ರಲ್ಲಿ ಕುಂದಕುಂದಾಚಾರ್ಯರ ಪ್ರವಚನಸಾರ ಸಂಪಾದಿಸಿದರು. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕ ಅಧ್ಯಕ್ಷರಾದರು. ಅವರ ಮುಂದ ಕೂತ ಹುಡುಗರೂ ಪರೀಕ್ಷೆ ಬರೆದವರೇ.

ಸ್ವಂತ ತಿಳಿದು ಬರೆದರ ಗೈಡಿನಷ್ಟು ಚಂದ ಬರಲಿಕ್ಕಿಲ್ಲ, ನಾಕು ಮಾರ್ಕ್ಸ್ ಹೋಗಬಹುದು. ಹೋದರ ಹೋಗಲಿ ಅಂತ ಅನ್ನೋದು ನನಗ ಸುಲಭ. ಸೀಟು ಬೇಕಾದದ್ದು ಅವಳಿಗೆ, ಫೀ ಕಟ್ಟಬೇಕಾದವ ಅವಳಪ್ಪ. ಅದಕ್ಕ ಗೈಡ್ ಸುಡು ಅಂತ ನಾನು ಹೇಳಲಿಲ್ಲ. ಮೊದಲು ಗಾಥೆ ಗಟ್ಟಿಯಾಗಿ ಓದು, ರಾಗ ಹಚ್ಚು, ನಿನಗ ಗುರ್ತು ಹತ್ತಿದ ಶಬ್ದಕ್ಕ ಗೆರಿ ಎಳಿ, ಅರ್ಥ ಹಿಂಗ ಇರಬೇಕು ಅಂತ ತಪ್ಪಾದರೂ ಒಂದು ಸಾಲು ಬರಿ, ಆಮ್ಯಾಲೆ ಗೈಡ್ ತೆಗಿ ಅಂದೆ. ಆಗ ಗೈಡ್ ದೊಣ್ಣೆ ಆಗೂದಿಲ್ಲ, ಊರುಗೋಲು ಆಗ್ತದ.

ಮಾರ್ಕ್ಸಿನ ಆಸೆಗೇ ಬರಲಿ, ಮಕ್ಕಳು ಈ ಭಾಷೆಯ ಹತ್ರ ಬರಲಿ. ಬಂದವರು ಒಂದು ಗಾಥೆಯನ್ನಾದರೂ ತಾವೇ ಬಿಡಿಸಿ ನೋಡಿ ಎದ್ದು ಹೋದರ ಸಾಕು. ಫೆಬ್ರುವರಿಯ ಪರೀಕ್ಷೆ ಮೂರು ತಾಸಿನದು. ಆ ಗಾಥೆ ಎಷ್ಟು ವರ್ಷ ಜೊತಿ ಬರತದ ಅಂತ ಬೋರ್ಡಿಗೂ ಗೊತ್ತಿಲ್ಲ.