ಫಲವನ್ನು ಬಿಟ್ಟವರೂ ಫಲ ದೊರೆಯದವರೂ

ಫಲಾಪೇಕ್ಷೆಯನ್ನು ತೊರೆದು ಕರ್ಮವನ್ನಾಚರಿಸಬೇಕೆಂಬ ಗೀತೋಪದೇಶವನ್ನು ಕೊಂಡಾಡುವಾಗ, ಅದನ್ನು ಕೇಳಿಸಿಕೊಂಡವನು ರಾಜಪುತ್ರನಾಗಿದ್ದನೆಂಬುದನ್ನು ನಾವು ಮರೆಯುತ್ತೇವೆ. ಗೆದ್ದರೆ ರಾಜ್ಯವನ್ನು ಭೋಗಿಸುವ ಹಕ್ಕು ಅರ್ಜುನನಿಗಿದ್ದಿತು. ಕೈಗೆಟುಕುವುದರ ಆಸೆಯನ್ನು ಬಿಡೆಂದು ಅವನಿಗೆ ಹೇಳಿದುದರಲ್ಲಿ ಅರ್ಥವಿದ್ದಿತು. ಗೆದ್ದರೂ ಫಲವನ್ನು ಕೊಡಲೊಲ್ಲೆವೆಂದು ಲೋಕವೇ ಮುಂಚಿತವಾಗಿ ನಿಶ್ಚಯಿಸಿಬಿಟ್ಟಿರುವ ಮನುಷ್ಯನಿಗೂ ಅದೇ ಮಾತನ್ನು ಹೇಳಬಹುದೇ? ನನ್ನಲ್ಲಿ ಈ ಶಂಕೆಯನ್ನೆಬ್ಬಿಸಿದವನು ವೇದಾಂತಿಯಲ್ಲ, ಸ್ಯಾಮ್ ಲ್ಯಾಂಗ್‌ಫರ್ಡ್ ಎಂಬ ಮುಷ್ಟಿಮಲ್ಲ.

ಕೆನಡಾದ ನೋವಾ ಸ್ಕೋಷಿಯಾ ಪ್ರಾಂತದ ಕರಿಯರ ಹಳ್ಳಿಯೊಂದರಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಮನೆಬಿಟ್ಟು ಬೋಸ್ಟನ್ನಿಗೆ ಬಂದು ಸೇರಿದ ಈತನ ಎತ್ತರ ಐದೂವರೆ ಅಡಿಗಿಂತ ತುಸು ಹೆಚ್ಚು, ಅಷ್ಟೆ. ಆದರೆ ತೋಳುಗಳು ಆ ಮೈಗೆ ಹೊಂದದಷ್ಟು ನೀಳ. 1903ರಲ್ಲಿ, ಎಳೆಯ ಪ್ರಾಯದಲ್ಲಿಯೇ, ಹಗುರ ತೂಕದ ವಿಶ್ವವಿಜೇತನಾದ ಜೋ ಗ್ಯಾನ್ಸನನ್ನು ಈತ ಸೋಲಿಸಿದನು. ತೂಕದ ನಿಯಮಕ್ಕೆ ಒಳಪಡದ ಪಂದ್ಯವಾದುದರಿಂದ ಬಿರುದು ಗ್ಯಾನ್ಸನಲ್ಲಿಯೇ ಉಳಿಯಿತು. 1906ರಲ್ಲಿ ತನಗಿಂತ ಬಹಳ ಭಾರವಾಗಿದ್ದ ಜ್ಯಾಕ್ ಜಾನ್ಸನ್ನನೊಡನೆ ಹದಿನೈದು ಸುತ್ತು ಕಾದಾಡಿ ಸೋತನು. 1908ರಲ್ಲಿ ಜಾನ್ಸನ್ ಸಿಡ್ನಿಯಲ್ಲಿ ಟಾಮಿ ಬರ್ನ್ಸನನ್ನು ಗೆದ್ದು, ಗುರುತೂಕದ ವಿಶ್ವಪದವಿಯನ್ನು ಪಡೆದ ಮೊದಲ ಕರಿಯನಾದನು. ಆಮೇಲೆ ಲ್ಯಾಂಗ್‌ಫರ್ಡ್ ಎಷ್ಟು ಸವಾಲು ಹಾಕಿದರೂ ಜಾನ್ಸನ್ ಅವನೆದುರಿಗೆ ಮತ್ತೆ ಕಣಕ್ಕಿಳಿಯಲೇ ಇಲ್ಲ. ಕರಿಯರಿಬ್ಬರ ಹೋರಾಟಕ್ಕೆ ಜನ ಸೇರುವುದಿಲ್ಲ, ಹಣ ಹುಟ್ಟುವುದಿಲ್ಲ ಎಂಬುದು ಆಗಿನ ಲೆಕ್ಕಾಚಾರ. ಹಸ್ತಿನಾವತಿಯ ರಂಗದಲ್ಲಿ ಕರ್ಣನ ಕುಲವನ್ನು ಕೇಳಿ ಕೃಪನು ಅವನನ್ನು ತಡೆದಾಗ, ಅಂಗರಾಜ್ಯವನ್ನಿತ್ತು ಮಾನ ಕಾಯಲು ದುರ್ಯೋಧನನಾದರೂ ಇದ್ದನು. ಲ್ಯಾಂಗ್‌ಫರ್ಡನಿಗೆ ಅವನೂ ಇಲ್ಲದೆ ಹೋದನು.

ಬಿಳಿಯ ಮಲ್ಲರು ಬಹುಮಟ್ಟಿಗೆ ದೂರವುಳಿದುದರಿಂದ ಕರಿಯ ಮಲ್ಲರು ತಮ್ಮತಮ್ಮೊಳಗೇ ಮತ್ತೆಮತ್ತೆ ಹೊಡೆದಾಡಬೇಕಾಯಿತು. ಹ್ಯಾರಿ ವಿಲ್ಸ್ ಒಬ್ಬನನ್ನೇ ಲ್ಯಾಂಗ್‌ಫರ್ಡ್ ಹದಿನೈದಕ್ಕೂ ಹೆಚ್ಚು ಬಾರಿ ಎದುರಿಸಿದನು. 1917ರಲ್ಲಿ ಫ್ರೆಡ್ ಫುಲ್ಟನ್ನನೊಡನೆ ಕಾದಿದಾಗ ಒಂದು ಕಣ್ಣು ಹೋಯಿತು; ಕ್ರಮೇಣ ಇನ್ನೊಂದೂ ಮಬ್ಬಾಯಿತು. ಎದುರಾಳಿಯ ಮೈಗೆ ಮೈ ತಾಗುವಷ್ಟು ಹತ್ತಿರ ಸರಿದು, ಮುಖವೆಲ್ಲಿದೆಯೆಂಬುದನ್ನು ಸ್ಪರ್ಶದಿಂದ ಊಹಿಸಿ ಹೊಡೆಯುವಂತಾದ ಆ ಸ್ಥಿತಿಯಲ್ಲಿಯೂ, 1922ರಲ್ಲಿ ಟೈಗರ್ ಫ್ಲವರ್ಸನನ್ನು ಎರಡನೆಯ ಸುತ್ತಿನಲ್ಲಿಯೇ ನೆಲಕ್ಕುರುಳಿಸಿದನು. ಈ ಫ್ಲವರ್ಸನೇ 1926ರಲ್ಲಿ ಮಧ್ಯಮ ತೂಕದ ವಿಶ್ವವಿಜೇತನಾದನೆಂಬುದನ್ನು ನೆನೆದರೆ, ಕಣ್ಣಿಲ್ಲದವನ ಆ ಪೆಟ್ಟಿನ ಬೆಲೆ ತಿಳಿದೀತು.

1944ರಲ್ಲಿ ಆಲ್ ಲೇನಿ ಎಂಬ ಪತ್ರಿಕಾಬರಹಗಾರನು ನ್ಯೂಯಾರ್ಕಿನ ಹಾರ್ಲೆಮ್ಮಿನಲ್ಲಿ ಹುಡುಕಿ ಹೋದಾಗ, ಪೂರ್ಣ ಕುರುಡನಾಗಿ, ಕಾಸಿಲ್ಲದವನಾಗಿ, ಒಂದು ಕತ್ತಲ ಕೋಣೆಯಲ್ಲಿ ಲ್ಯಾಂಗ್‌ಫರ್ಡ್ ಕುಳಿತಿದ್ದನು. ದೂರೇನೂ ಇರಲಿಲ್ಲ, ಹಳೆಯ ಕಥೆಗಳನ್ನು ಹೇಳಿ ನಗುತ್ತಿದ್ದನು. ಲೇನಿಯ ಲೇಖನವನ್ನೋದಿದವರು ಸುಮಾರು ಹತ್ತು ಸಾವಿರ ಡಾಲರು ಕೂಡಿಸಿದರು. ಆ ವರ್ಷದ ಕ್ರಿಸ್ಮಸ್ಸಿಗೆ ಒಂದು ಗಿಟಾರು, ಒಂದು ಶೀಷೆ ಜಿನ್ನು, ಊಟಕ್ಕೆ ಸಾಕಾಗುವ ಹಣ ಇವಿಷ್ಟು ದೊರೆತಾಗ, ಯಾವ ಲಕ್ಷಾಧೀಶನಿಗೂ ತನಗಿಂತ ಹೆಚ್ಚಿನದೇನಿಲ್ಲವೆಂದು ಹಿಗ್ಗಿದನಂತೆ.

ಇದನ್ನು ಸ್ಥಿತಪ್ರಜ್ಞತೆ ಎನ್ನಲು ನನಗೆ ಅಡ್ಡಿಯಿಲ್ಲ. ಜಿನ್ನಿನ ಶೀಷೆಯನ್ನು ಕಂಡು ಶಾಸ್ತ್ರಜ್ಞರು ಹುಬ್ಬುಗಂಟಿಕ್ಕಿದರೆ ಇಕ್ಕಲಿ. ನನ್ನ ಆಕ್ಷೇಪಣೆ ಬೇರೆ. ಆತನ ನಗುವನ್ನು ಮುಂದೆಮಾಡಿ, ನೊಂದವನೇ ನೊಂದೆನೆನ್ನದಿರುವಾಗ ಅನ್ಯಾಯವೆಲ್ಲಿ ಬಂತೆಂದು ವಾದಿಸುವವರುಂಟು. ಪ್ರಾರಬ್ಧವೆಂದು ಕೈತೊಳೆದುಕೊಳ್ಳುವವರೂ ಉಂಟು. ತಾರುಣ್ಯದಲ್ಲಿ ಸವಾಲಿನ ಮೇಲೆ ಸವಾಲು ಹಾಕಿದವನು ಫಲವನ್ನು ಬಯಸಿಯೇ ಹಾಕಿದನು. ಆ ಬಯಕೆಯಲ್ಲಿ ಲೇಶಮಾತ್ರವೂ ದೋಷವಿರಲಿಲ್ಲ. ಮುಪ್ಪಿನಲ್ಲಿ ಬಂದ ತೃಪ್ತಿ ಆತನ ಸ್ವಂತ ಸಂಪಾದನೆ; ಅದನ್ನು ಇನ್ನೊಬ್ಬರ ಸಾಲಕ್ಕೆ ಜಮಾ ಕಟ್ಟಿಕೊಳ್ಳುವ ಅಧಿಕಾರ ಯಾರಿಗೂ ಇಲ್ಲ. ಆಸಕ್ತಿಯನ್ನು ಬಿಡಿರೆಂಬ ಉಪದೇಶ ಆಗ ನಿಜವಾಗಿ ಬೇಕಾಗಿದ್ದುದು ಟಿಕೆಟ್ಟಿನ ಹಣವನ್ನೆಣಿಸುತ್ತಿದ್ದ ವ್ಯವಸ್ಥಾಪಕರಿಗೆ, ಬಿರುದನ್ನು ಬಿಗಿಹಿಡಿದು ಕುಳಿತ ಜಾನ್ಸನ್ನನಿಗೆ, ಅವನ ತರುವಾಯ ಬಂದ ಬಿಳಿಯ ವಿಜೇತರಿಗೆ. ಅವರ ಪೈಕಿ ಯಾರೂ ಬಿಡಲಿಲ್ಲ: 1915ರಲ್ಲಿ ಹವಾನಾ ನಗರದಲ್ಲಿ ಜಾನ್ಸನ್ ಸೋತಂದಿನಿಂದ 1937ರಲ್ಲಿ ಜೋ ಲೂಯಿಸನ ಸರದಿ ಬರುವವರೆಗೆ, ಗುರುತೂಕದ ವಿಶ್ವಪದವಿಗಾಗಿ ಕಣಕ್ಕಿಳಿಯುವ ಅವಕಾಶ ಒಬ್ಬ ಕರಿಯನಿಗೂ ದೊರೆಯಲಿಲ್ಲ.